ಕುಬಟೂರು ಸೀಮೆಯಲ್ಲಿ ಚಿಕಿತ್ಸೆಯ ತೀರ್ಮಾನ

ಕಾಯಿಲೆ ಬಿದ್ದವರಿಗೆ ಯಾವ ಮದ್ದು, ಯಾರ ಕೈಯಿಂದ, ಯಾವಾಗ ಎಂಬುದನ್ನು ಸೊರಬ–ಶಿಕಾರಿಪುರ ಸೀಮೆಯಲ್ಲಿ ಬಹುಕಾಲ ತೀರ್ಮಾನಿಸುತ್ತ ಬಂದದ್ದು ಮನೆ. ನಾಟಿ ವೈದ್ಯರನ್ನು ಕರೆಸುವುದು ಯಜಮಾನನಿಗೆ ಸೇರಿದ ವಿಷಯವಾದರೆ, ಹೆರಿಗೆ, ಬಾಣಂತನ, ಕೂಸಿನ ಕಾಯಿಲೆಗಳಲ್ಲಿ ಅತ್ತೆ, ಅಜ್ಜಿ, ಸೂಲಗಿತ್ತಿಯರ ಮಾತೇ ನಡೆಯುತ್ತಿತ್ತು. ಹೇಳಲು ಕೇಳಲು ಯಾರೂ ಇಲ್ಲದ ರೋಗಿಗಳನ್ನೂ ಈ ಸೀಮೆ ಮರೆತಿರಲಿಲ್ಲ. ಕೈಟಭೇಶ್ವರ ದೇವಾಲಯವಿರುವ ಕುಬಟೂರಿಗೆ ಅಷ್ಟೇನೂ ದೂರವಲ್ಲದ ಬಳ್ಳಿಗಾವೆಯಲ್ಲಿ ಕೋಡಿಯಮಠವಿತ್ತು. ಅದು ವಿದ್ಯಾಭ್ಯಾಸ, ಅನ್ನದಾನಗಳ ಜೊತೆಗೆ ಅನಾಥ ರೋಗಿಗಳ ಚಿಕಿತ್ಸೆಯ ನೆಲೆಯೂ ಆಗಿತ್ತೆಂದು 1162ರ ಶಾಸನ ತಿಳಿಸುತ್ತದೆ.

1799ರ ನಂತರ ಈ ಭಾಗ ಬ್ರಿಟಿಷರ ಅಧೀನದಲ್ಲಿದ್ದ ಮೈಸೂರು ಸಂಸ್ಥಾನಕ್ಕೆ ಸೇರಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳೇ ನೇರವಾಗಿ ಆಳಿದರು. ಸಿಡುಬಿಗೆ ಲಸಿಕೆ, ಅಂದರೆ ಜನರ ಮಾತಿನ ‘ದೇವಿ ಹಾಕುವುದು’, ಸಂಸ್ಥಾನದಲ್ಲಿ ಬೇರೂರಿದ್ದರಲ್ಲೂ ಮನೆತನದ ಪಾತ್ರ ದೊಡ್ಡದು. 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಜಮ್ಮಣ್ಣಿಗೆ ಲಸಿಕೆ ಹಾಕಿಸಲಾಯಿತು. ಇದರ ಹಿಂದೆ ಹಿರಿಯ ರಾಣಿ ಲಕ್ಷ್ಮಮ್ಮಣ್ಣಿಯವರ ಒತ್ತಾಸೆ ಇತ್ತೆಂಬುದು ಇತಿಹಾಸಕಾರರ ಅಭಿಪ್ರಾಯ. ಅರಮನೆಯೇ ಒಪ್ಪಿದ್ದನ್ನು ಕಂಡು ಸಾಮಾನ್ಯರೂ ಮುಂದೆ ಬಂದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಆದದ್ದೇ ಬೇರೆ. ಸರ್ಕಾರ ಮನೆಯವರನ್ನು ಕೇಳದೆ ರೋಗಿಗಳನ್ನು ಶಿಬಿರಗಳಿಗೆ ಸಾಗಿಸತೊಡಗಿತು, ಮನೆಯವರು ರೋಗಿಗಳನ್ನು ಬಚ್ಚಿಡತೊಡಗಿದರು.

ಸೊರಬದ ಪಾಲಿಗೆ ನಿರ್ಣಾಯಕವಾದದ್ದು 1957. ಆ ವರ್ಷ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಹೊಸ ವೈರಸ್ಸನ್ನು ಪತ್ತೆ ಮಾಡಿತು. ಅದನ್ನು ಹರಡುವುದು ಉಣುಗು. ದರಕು, ಸೊಪ್ಪು, ಸೌದೆಗೆ ಕಾಡಿಗೆ ಹೋಗುವವರಿಗೇ ಈ ಮಂಗನ ಕಾಯಿಲೆ ಹೆಚ್ಚು ತಗಲುತ್ತದೆ. ಹೀಗಾಗಿ ಕಾಡಿಗೆ ಯಾರು ಹೋಗಬೇಕು, ಹೋಗುವಾಗ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕೇ ಎಂಬ ಮನೆಯ ದಿನನಿತ್ಯದ ತೀರ್ಮಾನಗಳೇ ಜೀವ ಉಳಿಸುವ ತೀರ್ಮಾನಗಳಾದವು. ಮುಂದೆ ಬಂದ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು. ಒಂದು ದಿನದ ಕೂಲಿ ಬಿಟ್ಟು ತೋಳುನೋವು ಅನುಭವಿಸಲು ಎಷ್ಟೋ ಮನೆಗಳು ಒಪ್ಪಲಿಲ್ಲ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕೂಲಿಯ ಲೆಕ್ಕವೂ ಮನೆಯವರೇ ಹಾಕಬೇಕಾದ ಲೆಕ್ಕ.

ಸ್ವತಂತ್ರ ಭಾರತದ ಕಾನೂನು ಚಿಕಿತ್ಸೆಯನ್ನು ತೀರ್ಮಾನಿಸುವ ಅಧಿಕಾರವನ್ನು ಮೆಲ್ಲಮೆಲ್ಲನೆ ರೋಗಿಯ ಕಡೆಗೆ ತಂದಿತು. 1971ರ ಗರ್ಭಪಾತ ಕಾಯ್ದೆಯಲ್ಲಿ ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಸಾಕು; ಗಂಡನ ಸಹಿ ಬೇಕಿಲ್ಲ. ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ವಯಸ್ಕಳ ಪರವಾಗಿ ತಾಯಿ ಒಪ್ಪಿದ್ದು ಸಿಂಧುವಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಆದರೂ ಆಸ್ಪತ್ರೆಯಲ್ಲಿ ಇವತ್ತಿಗೂ ಮೊದಲು ಕೇಳಿಬರುವುದು ‘ಪೇಷೆಂಟ್ ಕಡೆಯವರು ಯಾರು?’ ಎಂಬ ಕೂಗು. ಒಪ್ಪಿಗೆ ಪತ್ರ ಹೋಗುವುದು ಮಗನ ಕೈಗೆ. ಮಂಚದ ಮೇಲಿರುವ ತಾಯಿಗೆ ಅದರಲ್ಲೇನಿದೆ ಎಂದು ಓದಿ ಹೇಳುವವರು ವಿರಳ.

ರೋಗಿಗೆ ಮಾತೇ ಇಲ್ಲದಾಗ ಏನು ಮಾಡಬೇಕೆಂಬ ಪ್ರಶ್ನೆ ಸೊರಬದ ನೆರೆಯ ಉತ್ತರ ಕನ್ನಡದ ಹಳದೀಪುರದವರಾದ ನರ್ಸ್ ಅರುಣಾ ಶಾನಭಾಗರ ಪ್ರಕರಣದಲ್ಲಿ ಎದುರಾಯಿತು. 1973ರಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ ಅವರು ಪ್ರಜ್ಞೆಗೆ ಮರಳಲಿಲ್ಲ. ದಶಕಗಳ ಕಾಲ ಅವರನ್ನು ನೋಡಿಕೊಂಡವರು ಮುಂಬೈನ ಕೆಇಎಂ ಆಸ್ಪತ್ರೆಯ ಸಿಬ್ಬಂದಿ. ಅವರ ಪರವಾಗಿ ಮಾತನಾಡುವ ಹಕ್ಕು ಆ ಸಿಬ್ಬಂದಿಯದೇ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆ, ಆರೈಕೆ ಮಾಡಿದವರಿಗೆ ಬಂಧುಗಳ ಸ್ಥಾನ ಸಿಕ್ಕಿತು.

ಗುಣವಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿಯೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟಿನ 2018ರ ಮಾರ್ಚ್ 9ರ ತೀರ್ಪು ಮಾನ್ಯತೆ ನೀಡಿತು. 2023ರಲ್ಲಿ ಕ್ರಮ ಸರಳವಾಯಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರಾಯಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿತು. ತನ್ನ ಪರವಾಗಿ ತೀರ್ಮಾನಿಸಬೇಕಾದವರ ಹೆಸರನ್ನು ಮುಂಚಿತವಾಗಿ ಬರೆದಿಡುವ ಆ ಪತ್ರದಲ್ಲಿ ರೋಗಿಯೇ ಬರೆಯಬೇಕು.