ಚಿನ್ನದ ಗಣಿಯಿಂದ ಪ್ಲಗ್ ಪಾಯಿಂಟಿನವರೆಗೆ

ಕನ್ನಡ ನಾಡಿಗೆ ವಿದ್ಯುತ್ತು ಬಂದದ್ದು ಮನೆ ಬೆಳಗುವುದಕ್ಕಲ್ಲ, ಚಿನ್ನ ತೆಗೆಯುವುದಕ್ಕೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆ 1902ರ ಜೂನ್ 30ರಂದು ಸುಮಾರು 92 ಮೈಲಿ ದೂರದ ಕೋಲಾರದ ಗಣಿಗಳಿಗೆ ಶಕ್ತಿ ಕಳಿಸಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಮೂರು ವರ್ಷಗಳ ಅನಂತರ, 1905ರ ಆಗಸ್ಟ್ 5ರಂದು. ನಾವು ಬಂದು ನೆಲೆಸಿರುವ ಗುಜರಾತಿನಲ್ಲಿ ಅಹಮದಾಬಾದಿನ ವಿದ್ಯುತ್ ಕಂಪನಿ 1913ರಲ್ಲಿ, ಸೂರತಿನದು 1920ರಲ್ಲಿ ಸ್ಥಾಪನೆಯಾದವು. 1960ರಲ್ಲಿ ರಾಜ್ಯ ರಚನೆಯಾದ ಮೇಲೆ ವಿದ್ಯುತ್ ಮಂಡಲಿಯ ಕೇಂದ್ರ ಕಚೇರಿ ನಮ್ಮ ಬರೋಡೆಯಲ್ಲೇ ನೆಲೆಗೊಂಡಿತು.

ಬೆಳಕಿನ ಈ ಕಥೆ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಬೆಳೆದು ಬಂದ ಕಾವಲಿನ ಕಥೆ ಅಷ್ಟಾಗಿ ಗೊತ್ತಿಲ್ಲ. ಮನೆಯ ಗೋಡೆಯಲ್ಲಿ ಹೊಸದೊಂದು ಪ್ಲಗ್ ಪಾಯಿಂಟ್ ಹಾಕಿಸುವ ಮುನ್ನ ಅದನ್ನು ತಿಳಿಯುವುದು ಒಳ್ಳೆಯದು.

ಮೊದಮೊದಲು ಜನ ಹೆದರಿದ್ದು ಶಾಕಿಗಲ್ಲ, ಬೆಂಕಿಗೆ. 1882ರಲ್ಲಿ ಲಂಡನ್ನಿನ ಎಂಜಿನಿಯರುಗಳು ಪ್ರಕಟಿಸಿದ ಮೊದಲ ವೈರಿಂಗ್ ನಿಯಮಗಳ ಹೆಸರೇ ಬೆಂಕಿಯ ಅಪಾಯ ತಡೆಯುವ ನಿಯಮಗಳೆಂದು. ಫ್ಯೂಸ್ ಆ ಕಾಲದ ಕಾವಲುಗಾರ. ವೈರು ಕಾದು ಹೊತ್ತಿಕೊಳ್ಳುವ ಮೊದಲೇ ತಾನು ಕರಗಿ ದಾರಿ ಕಡಿಯುವುದು ಅದರ ಕೆಲಸ. ಇಂದಿನ ಎಂಸಿಬಿ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಆದರೆ 6 ಆಂಪಿಯರ್ ಫ್ಯೂಸ್ ಹೋಗಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಪ್ರಾಣ ಹೋಗಲು ಅದರ ನೂರರಲ್ಲೊಂದು ಪಾಲು ಸಾಕು. ಫ್ಯೂಸ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ.

ಎರಡನೆಯ ಕಾವಲು ಅರ್ತಿಂಗ್. ತೇಗದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವೈರು ಎಳೆಯುತ್ತಿದ್ದ ಕಾಲದಲ್ಲಿ ಎಷ್ಟೋ ಮನೆಗಳಿಗೆ ಎರಡೇ ವೈರು, ಎರಡೇ ರಂಧ್ರದ ಪ್ಲಗ್ಗು. ಇಸ್ತ್ರಿಪೆಟ್ಟಿಗೆ, ಫ್ರಿಜ್, ಗೀಸರುಗಳಂಥ ಲೋಹದ ಮೈಯ ಸಾಧನಗಳು ಬಂದಂತೆ ಮೂರನೆಯ ಪಿನ್ನು ಅನಿವಾರ್ಯವಾಯಿತು. ಆ ಪಿನ್ನು ಮಿಕ್ಕೆರಡಕ್ಕಿಂತ ದಪ್ಪ, ಉದ್ದ. ಪ್ಲಗ್ ಚುಚ್ಚುವಾಗ ಮೊದಲು ಕೂಡುವುದೂ, ಕೀಳುವಾಗ ಕೊನೆಗೆ ಬಿಡುವುದೂ ಅದೇ ಆಗಲೆಂದು ಹಾಗೆ ಮಾಡಿದ್ದಾರೆ.

ಮೂರನೆಯ ಕಾವಲು ಬಂದದ್ದು ಮತ್ತೆ ಚಿನ್ನದ ಗಣಿಯಿಂದ. ಕೋಲಾರದಿಂದಲ್ಲ, ದಕ್ಷಿಣ ಆಫ್ರಿಕದಿಂದ. 1955ರಲ್ಲಿ ಜೊಹಾನ್ಸ್‌ಬರ್ಗಿನ ಹೆನ್ರಿ ರೂಬಿನ್ ಎಂಬ ಎಂಜಿನಿಯರು ಗಣಿಗಳಿಗಾಗಿ ಸೋರುವ ಕರೆಂಟನ್ನು ಪತ್ತೆಹಚ್ಚಿ ತಾನಾಗಿ ಆರುವ ಸಾಧನವನ್ನು ರಚಿಸಿದರು. ಅದು 250 ಮಿಲಿ ಆಂಪಿಯರಿಗೆ ಎಚ್ಚರಗೊಳ್ಳುತ್ತಿತ್ತು. ಸ್ಟಿಲ್‌ಫಾಂಟೈನ್ ಎಂಬ ಊರಿನ ಮನೆಗಳಲ್ಲಿ ಹಲವರು ಶಾಕ್ ಹೊಡೆದು ಸತ್ತ ಮೇಲೆ, 1957-58ರಲ್ಲಿ 20 ಮಿಲಿ ಆಂಪಿಯರಿನ ಕೆಲವು ನೂರು ಸಾಧನಗಳನ್ನು ಮನೆಗಳಿಗೆ ಕೂಡಿಸಿದರು. ಅಮೆರಿಕದಲ್ಲಿ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಪ್ರಾಧ್ಯಾಪಕರೂ 1961ರಲ್ಲಿ ಇಂಥದೇ ಸಾಧನವನ್ನು ಸಿದ್ಧಪಡಿಸಿದರು. ನಮ್ಮ ವೈರ್‌ಮನ್‌ಗಳು ಇಎಲ್‌ಸಿಬಿ ಎಂದೂ ಆರ್‌ಸಿಸಿಬಿ ಎಂದೂ ಕರೆಯುವುದು ಈ ವಂಶದ್ದನ್ನೇ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಇದು ಲೆಕ್ಕ ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಕ್ಷಣಾರ್ಧದಲ್ಲಿ ಕಡಿಯುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಮಾತ್ರ ಇದೂ ಕಾಪಾಡಲಾರದು.

ನಮ್ಮ ದೇಶದ ಕಾನೂನೂ ಈ ಹಾದಿಯಲ್ಲೇ ನಡೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಪ್ರಕಾರ ಬಲ್ಬು, ಫ್ಯಾನು, ಫ್ಯೂಸ್, ಸ್ವಿಚ್ಚುಗಳನ್ನು ಬದಲಾಯಿಸುವುದಷ್ಟೇ ಯಾರಾದರೂ ಮಾಡಬಹುದಾದ ಕೆಲಸ. ಇದ್ದ ವೈರಿಂಗಿಗೆ ಹೊಸದನ್ನು ಸೇರಿಸುವುದು ಲೈಸೆನ್ಸ್ ಪಡೆದವರ ಕೆಲಸ. 2003ರ ಕಾಯ್ದೆಯ ನಂತರ, 2010ರಲ್ಲಿ ಮತ್ತು 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮಗಳನ್ನು ಹೊರಡಿಸಿದಾಗಲೂ ಈ ತತ್ತ್ವ ಉಳಿಯಿತು. ಒಂದೇ ಒಂದು ಪ್ಲಗ್ ಪಾಯಿಂಟ್ ಕೂಡ ‘ಸೇರ್ಪಡೆ’ಯೇ.

ಇಷ್ಟೆಲ್ಲ ಇತಿಹಾಸದ ನಂತರವೂ ಮಂಜಲ್‌ಪುರದ ಹಳೆಯ ಸೊಸೈಟಿಗಳಲ್ಲಿ ನಾವು ಕಂಡಿರುವುದೇನು? ಮೂರು ರಂಧ್ರದ ಹೊಸ ಸಾಕೆಟ್. ಬಿಚ್ಚಿ ನೋಡಿದರೆ ಹಿಂದೆ ಎರಡೇ ವೈರು, ಅರ್ತ್ ತಿರುಪು ಖಾಲಿ. ಇನ್ನು ಕೆಲವೆಡೆ ಆ ತಿರುಪನ್ನು ನ್ಯೂಟ್ರಲಿಗೆ ಒಂದು ತುಂಡು ವೈರಿನಿಂದ ಜೋಡಿಸಿರುತ್ತಾರೆ. ಇದು ಖಾಲಿ ಬಿಡುವುದಕ್ಕಿಂತಲೂ ಘೋರ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಯೆಲ್ಲ ಕರೆಂಟು. ಬಾಡಿಗೆ ಮನೆಯೆಂದು ನಾವು ಸುಮ್ಮನಿರುತ್ತೇವೆ. ಬಾಗಿಲು ತೆಗೆಯುವುದು ನಮ್ಮ ಮಕ್ಕಳೇ.

2019ರಲ್ಲೂ 2024ರಲ್ಲೂ ವಿಶ್ವಾಮಿತ್ರಿ ಉಕ್ಕಿ ಊರೊಳಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೆಲದಂತಸ್ತಿನಲ್ಲಿ ಹೊಸ ಪಾಯಿಂಟ್ ಹಾಕಿಸುವವರು ಅಂದಿನ ನೀರಿನ ಗುರುತಿಗಿಂತ ಮೇಲೆ ಹಾಕಿಸಲಿ. ಗೀಸರಿಗೆ, ಎಸಿಗೆ ಹಳೆಯ ದೀಪದ ವೈರಿಗೆ ಗಂಟು ಹಾಕದೆ ಮುಖ್ಯ ಬೋರ್ಡಿನಿಂದಲೇ ಬೇರೆ ವೈರು, ಬೇರೆ ಎಂಸಿಬಿ ಕೊಡಿಸಲಿ. ಅರ್ತ್ ವೈರು ನಿಜವಾಗಿ ನೆಲ ಮುಟ್ಟಿದೆಯೇ ಎಂದು ಅಳೆಯಿಸಲಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಪ್ಲಗ್ ಪಾಯಿಂಟಿಗಿಂತ ಮೊದಲು ಅದು ಬರಲಿ. ಇದ್ದವರು ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ಈ ದಿನವೇ ಒಮ್ಮೆ ಒತ್ತಿ ನೋಡಲಿ. ಕರೆಂಟು ಹೋಗದಿದ್ದರೆ ತಡಮಾಡದೆ ವೈರ್‌ಮನ್‌ಗೆ ಹೇಳಿ ಕಳಿಸಬೇಕು.