ಭವಚಕ್ರವೂ ಬೋಧಕನೂ

ನಮ್ಮ ಜಳಕೋಟವಿರುವ ಮರಾಠವಾಡೆಯಲ್ಲಿಯೇ ಅಜಂತೆಯೂ ಇದೆ. ಅಲ್ಲಿಯ 17ನೆಯ ಗುಹೆಯು ಕ್ರಿ. ಶ. 5ನೆಯ ಶತಮಾನದ, ವಾಕಾಟಕ ಹರಿಷೇಣನ ಕಾಲದ್ದು. ಅದರ ಮೊಗಸಾಲೆಯ ಗೋಡೆಯಲ್ಲಿ ಭವಚಕ್ರದ ಚಿತ್ರವೊಂದು ಮುಕ್ಕಾಗಿ ಉಳಿದಿದೆ. ಮೊದಲು ಕಂಡ ಪಾಶ್ಚಾತ್ಯರು ಅದನ್ನು ರಾಶಿಚಕ್ರವೆಂದು ಭ್ರಮಿಸಿದರು. 19ನೆಯ ಶತಮಾನದ ಕೊನೆಗೆ ವ್ಯಾಡೆಲ್ ಪಂಡಿತರು ಟಿಬೆಟಿನ ಚಿತ್ರಗಳೊಡನೆ ಹೋಲಿಸಿ ನಿಜಾರ್ಥವನ್ನು ತಿಳಿಸಿದರು.

ಈ ಚಿತ್ರದ ವಿಧಿಯು ಮೂಲಸರ್ವಾಸ್ತಿವಾದಿಗಳ ವಿನಯದಲ್ಲಿಯೂ ದಿವ್ಯಾವದಾನದಲ್ಲಿಯೂ ದೊರೆಯುತ್ತದೆ. ನಡುವೆ ರಾಗಕ್ಕೆ ಪಾರಿವಾಳ, ದ್ವೇಷಕ್ಕೆ ಹಾವು, ಮೋಹಕ್ಕೆ ಹಂದಿ. ಸುತ್ತಲೂ ನರಕ, ತಿರ್ಯಕ್, ಪ್ರೇತ, ದೇವ, ಮನುಷ್ಯರೆಂಬ ಐದು ಗತಿಗಳು. ಅಂಚಿನಲ್ಲಿ ಅವಿದ್ಯೆಯಿಂದ ಜರಾಮರಣದವರೆಗೆ ಹನ್ನೆರಡು ನಿದಾನಗಳು. ಎಲ್ಲವನ್ನೂ ಹಿಡಿದಿರುವುದು ಅನಿತ್ಯತೆ. ಇದನ್ನು ವಿಹಾರದ ಬಾಗಿಲಲ್ಲಿ ಬರೆಯಿಸಿ, ಬಂದವರಿಗೆ ಅರ್ಥ ಹೇಳಲು ಭಿಕ್ಷುವೊಬ್ಬನನ್ನು ನೇಮಿಸಬೇಕು.

ಆ ಬೋಧಕನಿಲ್ಲದಾಗಲೇ ಅಜಂತೆಯ ಭವಚಕ್ರವು ರಾಶಿಚಕ್ರವೆನಿಸಿತು. ಶಾಲೆಯ ಗೋಡೆಗೆ ನಕಾಶೆ ತೂಗುಹಾಕಿ ನಿಶ್ಚಿಂತರಾಗುವ ನಾವು ಇದನ್ನು ಮರೆಯಲಾಗದು.