ಸಂಬಳವಿಲ್ಲದ ಕಾವಲು

ಗ್ಯಾಸಿನ ದುಡ್ಡನ್ನು ಫೋನಿನಲ್ಲೇ ಕಟ್ಟುವ ಅಭ್ಯಾಸ ಈಗ ನನಗೂ ಆಗಿದೆ. ಹೀಗೆ ಕಟ್ಟುವಾಗ ನಮ್ಮ ಗುಟ್ಟಿನ ಅಂಕಿಗೆ ಬೀಗ ಹಾಕಿ ಕಳಿಸುವ ತಂತ್ರಾಂಶಗಳಿವೆ. ಅವುಗಳಲ್ಲೊಂದು 1998ರಲ್ಲಿ ಹುಟ್ಟಿದ ಓಪನ್ ಎಸ್‌ಎಸ್‌ಎಲ್. ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಿ ತಿದ್ದಲೂಬಹುದು.

2014ರ ಏಪ್ರಿಲ್‌ನಲ್ಲಿ ಆ ಬೀಗದಲ್ಲೇ ಬಿರುಕು ಕಂಡಿತು. ಅದಕ್ಕೆ 'ಹಾರ್ಟ್‌ಬ್ಲೀಡ್' ಎಂದು ಹೆಸರಿಟ್ಟರು. ಚಮಚ ಸಕ್ಕರೆ ಕೊಟ್ಟು, 'ಡಬ್ಬಿ ತುಂಬ ಕೊಟ್ಟಿದ್ದೆ' ಎಂದು ವಾಪಸು ಕೇಳುವ ನೆರೆಮನೆಯಾಕೆ ಇರುತ್ತಾಳಲ್ಲ, ಹಾಗೆ. ಇತ್ತಲಿಂದ ಚಿಕ್ಕ ಮಾತು ಕಳಿಸಿ ಅದು ಬಹಳ ಉದ್ದವೆಂದು ಸುಳ್ಳು ಹೇಳಿದರೆ ಸಾಕು, ಅತ್ತಲಿನ ಕಂಪ್ಯೂಟರು ಅಳೆದು ನೋಡದೆ ತನ್ನೊಳಗಿನ ಗುಟ್ಟನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. 2 ವರ್ಷ ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಗಮನಿಸಲು ಇದ್ದವರಾದರೂ ಎಷ್ಟು ಜನ? ಪೂರ್ಣಾವಧಿಯ ಆಳು ಒಬ್ಬನೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು. ದೊಡ್ಡ ದೊಡ್ಡ ಕಂಪನಿಗಳೆಲ್ಲ ಅದನ್ನೇ ನೆಚ್ಚಿಕೊಂಡಿದ್ದವು! ನಮ್ಮತ್ತೆ ಹಾಸಿಗೆ ಹಿಡಿದ ವಾರ ಹಾಲಿಗೆ ಹೆಪ್ಪು ಹಾಕಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದೇ ನೆನಪಾಯಿತು.

ನಾಚಿಕೆಯೋ ಭಯವೋ, ಗೂಗಲ್, ಅಮೆಜಾನ್, ಫೇಸ್‌ಬುಕ್ ಮೊದಲಾದವು ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಹಾಕಿದವು. ಯುರೋಪಿನ ಸಂಸತ್ತು ಇಂಥ ತಂತ್ರಾಂಶಗಳ ತಪಾಸಣೆಗೆಂದು 10 ಲಕ್ಷ ಯೂರೋ ತೆಗೆದಿಡಿಸಿತು. 2022ರಲ್ಲಿ ಜರ್ಮನಿ ಸರ್ಕಾರ ಇದಕ್ಕೆಂದೇ ನಿಧಿ ತೆರೆಯಿತು. ನನಗೆ ಇದು ಸರಿಯೆನಿಸಿತು. ಕಂಪನಿಯವರ ಕೈ ಹೆದರಿಕೆ ಇಳಿದೊಡನೆ ಬಿಗಿಯಾಗಬಹುದು.

ಅಂದಹಾಗೆ, ಆ ತಪ್ಪು ನುಸುಳಿದ್ದು 2011ರ ಡಿಸೆಂಬರ್ 31ರ ರಾತ್ರಿ. ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ ಇವರು ಕೆಲಸಕ್ಕೆ ಕುಳಿತಿದ್ದರು.